ಬಾಗಿಲಿಗಿಂತ ಮೊದಲು ಹಿಂಜಸ್

ಹೋದ ತಿಂಗಳು ಊರಿಗೆ ಹೋದಾಗ ಒಂದು ವಿಚಿತ್ರ ನೋಡಿದೆ. ಕಾಫಿಪುಡಿ ಡಬ್ಬಿ, ಸಕ್ಕರೆ ಡಬ್ಬಿ, ಸಾಸಿವೆ, ಮೆಂತ್ಯ, ಹುಣಸೆಹಣ್ಣು.. ಎಲ್ಲಾ ಅಡುಗೆಮನೆ ಕಿಟಕಿಯ ಕಟ್ಟೆ ಮೇಲೆ ಸಾಲಾಗಿ ಕೂತಿದ್ದವು. ಅದರ ಪಕ್ಕದಲ್ಲೇ ಮೇಲುಗಡೆ ಆರು ಬಾಗಿಲಿನ ಕಪಾಟು ಇದೆ. ಎರಡು ವರ್ಷದ ಹಿಂದೆ ನಾನೇ ದುಡ್ಡು ಕೊಟ್ಟು, ನಾನೇ ನಿಂತು (ನಿಂತು ಅಂದರೆ ಬೆಂಗಳೂರಿನಲ್ಲಿ ಕೂತು, ಫೋನಿನಲ್ಲಿ) ಮಾಡಿಸಿದ್ದು.

"ಏನಮ್ಮಾ, ಕಪಾಟು ಖಾಲಿ ಬಿಟ್ಟು ಎಲ್ಲಾ ಇಲ್ಲಿಟ್ಟಿದೀಯ?" ಅಂದೆ.

"ಇಲ್ಲೇ ಕೈಗೆ ಸಿಗುತ್ತೆ ಬಿಡೋ" ಅಂತ ಒಲೆ ಕಡೆ ತಿರುಗಿಕೊಂಡಳು.

ರಾತ್ರಿ ಊಟ ಆದಮೇಲೆ ಅಪ್ಪ ವಿಷಯ ಹೇಳಿದರು. ಮಳೆಗಾಲದಲ್ಲಿ ಒಂದು ಸಂಜೆ, ಒಲೆ ಮೇಲಿನ ಕಪಾಟು ತೆಗೆಯಲು ಹೋದಾಗ ಮೇಲಿನ ಹಿಂಜ್ ಕಿತ್ತುಕೊಂಡು ಬಂದು, ಬಾಗಿಲು ಓರೆಯಾಗಿ ಜೋತುಬಿದ್ದು ಅಮ್ಮನ ಮುಂಗೈಗೆ ಬಡಿದಿತ್ತಂತೆ. ಎರಡು ವಾರ ಊದಿಕೊಂಡಿತ್ತಂತೆ. "ಪಾಪ, ಆಸೆಪಟ್ಟು ಮಾಡಿಸಿದಾನೆ, ಅವನಿಗೆ ಹೇಳ್ಬೇಡಿ" ಅಂದಿದ್ದಳಂತೆ. ಅಪ್ಪ ಆ ಬಾಗಿಲನ್ನು ಬಿಚ್ಚಿ ಹಿತ್ತಿಲ ಗೋಡೆಗೆ ಒರಗಿಸಿಟ್ಟಿದ್ದರು. ಅಮ್ಮ ಉಳಿದ ಐದು ಬಾಗಿಲನ್ನೂ ಮುಟ್ಟುವುದು ಬಿಟ್ಟಿದ್ದಳು.

ಆ ಹಿಂಜಸ್ ಆರಿಸಿದ್ದು ಬೇರೆ ಯಾರೂ ಅಲ್ಲ, ನಾನೇ. ಹಾಗಾಗಿ ಬೈಯಲು ಬೇರೆ ಯಾರೂ ಸಿಗಲಿಲ್ಲ!

ನಮ್ಮೂರು ಹಳೇಬೀಡು. ಹೊಯ್ಸಳರ ಕಾಲದಲ್ಲಿ ಇದರ ಹೆಸರು ದೋರಸಮುದ್ರ, ದ್ವಾರಸಮುದ್ರ. ಅಂದರೆ ಹೆಸರಲ್ಲೇ ಬಾಗಿಲು ಇಟ್ಟುಕೊಂಡ ಊರು. ಹೊಯ್ಸಳೇಶ್ವರ ದೇವಸ್ಥಾನದ ಬಾಗಿಲುವಾಡಗಳ ಕೆತ್ತನೆ ನೋಡಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ. 2023ರಲ್ಲಿ ಬೇಲೂರು, ಸೋಮನಾಥಪುರದ ಜೊತೆ ನಮ್ಮೂರಿನ ದೇವಸ್ಥಾನವೂ ಯುನೆಸ್ಕೋ ಪಟ್ಟಿಗೆ ಸೇರಿತು. ಅಂಥ ಊರಲ್ಲಿ ಹುಟ್ಟಿ, ಇಂಜಿನಿಯರಿಂಗ್ ಓದಿ, ಒಂದೂವರೆ ಅಡಿ ಅಗಲದ ಒಂದು ಕಪಾಟಿನ ಬಾಗಿಲು ನೆಟ್ಟಗೆ ನಿಲ್ಲಿಸುವುದು ನನ್ನ ಕೈಲಿ ಆಗಲಿಲ್ಲ. ಈ ಅವಮಾನದಿಂದಲೇ ಇಷ್ಟು ಬರೆಯುತ್ತಿದ್ದೇನೆ.

ನನ್ನ ವಾದ ಒಂದೇ. ಅಡುಗೆಮನೆ ಆಗಲಿ, ಬಟ್ಟೆ ಬೀರು ಆಗಲಿ, ಹಿಂಜಸ್ ಯಾವುದು ಅನ್ನುವುದನ್ನು ಮೊಟ್ಟಮೊದಲು ತೀರ್ಮಾನ ಮಾಡಬೇಕು. ಪ್ಲೈವುಡ್ ಕತ್ತರಿಸುವ ಮುಂಚೆ, ಸನ್ಮೈಕಾ ಬಣ್ಣ ಆರಿಸುವ ಮುಂಚೆ. ನಾವು ಮಾಡುವುದು ತಿರುಗುಮುರುಗು. ಸನ್ಮೈಕಾಗೆ ನಾಲ್ಕು ಅಂಗಡಿ ಸುತ್ತುತ್ತೇವೆ, ಹಿಡಿಗೆ ಎರಡು ಅಂಗಡಿ, ಹಿಂಜಸ್ ಬಂದಾಗ "ಯಾವುದೋ ಒಳ್ಳೇದು ಹಾಕ್ಬಿಡಿ" ಅನ್ನುತ್ತೇವೆ. ಬಾಗಿಲಿನ ಪೂರ್ತಿ ಭಾರ ಹೊರುವುದು, ದಿನಕ್ಕೆ ಇಪ್ಪತ್ತು ಸಲ ಮಡಚಿ ಬಿಚ್ಚುವುದು ಮಾತ್ರ ಅದೇ "ಯಾವುದೋ ಒಂದು".

ನಾನಂತೂ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದೆ. ಆಚಾರ್ರು ಕೆಲಸ ಶುರು ಮಾಡುವ ಒಂದು ತಿಂಗಳ ಮೊದಲೇ, ನಾಲ್ಕು ವಿಡಿಯೋ ನೋಡಿ, ಆನ್‌ಲೈನಿನಲ್ಲಿ ನಲವತ್ತು ಸಾಫ್ಟ್ ಕ್ಲೋಸ್ ಹಿಂಜಸ್ ತರಿಸಿ ಊರಿಗೆ ಕಳಿಸಿದ್ದೆ. ಲೆಕ್ಕ ಪಕ್ಕಾ ಇತ್ತು: ಅಡುಗೆಮನೆಯಲ್ಲಿ ಮೇಲೆ 6, ಕೆಳಗೆ 8 ಬಾಗಿಲು, ಒಂದಕ್ಕೆ ಎರಡರಂತೆ 28. ಬಟ್ಟೆ ಬೀರುವಿಗೆ ನಾಲ್ಕು ಬಾಗಿಲು, ಒಂದಕ್ಕೆ ಮೂರರಂತೆ 12. ಒಟ್ಟು 40. ಎಣಿಕೆಯಲ್ಲಿ ಇಂಜಿನಿಯರ್ ಅಲ್ಲವೇ!

ಆಚಾರ್ರು ಪೆಟ್ಟಿಗೆ ಬಿಚ್ಚಿ ನೋಡಿ ಫೋನ್ ಮಾಡಿದರು. "ಇದು ಝೀರೋ ಕ್ರ್ಯಾಂಕ್ ಕಣಪ್ಪಾ. ನಮಗೆ ಬೇಕಾಗಿದ್ದು ಹದಿನಾರು."

"ಅಡ್ಜಸ್ಟ್ ಮಾಡಿ ಆಚಾರ್ರೇ" ಅಂದೆ. ಆ ಕ್ರ್ಯಾಂಕ್ ಅಂದರೇನು ಅಂತ ಕೇಳಲಿಲ್ಲ. ಇವತ್ತು ಕೇಳಿದ್ದರೆ ಅನ್ನಿಸುತ್ತದೆ.

ನೀವೂ ಕೇಳದೇ ಇರಬಹುದು ಅಂತ ಹೇಳುತ್ತೇನೆ. ಈಗಿನ ಕಪಾಟುಗಳಿಗೆ ಹಾಕುವ, ಹೊರಗಿನಿಂದ ಕಾಣದ ಆಟೋ ಹಿಂಜಸ್‌ನಲ್ಲಿ ಎರಡು ಭಾಗ. ಒಂದು ಬಟ್ಟಲು, ಬಾಗಿಲಿನ ಹಿಂದೆ 35 ಎಂಎಂ ಗುಂಡನೆ ತೂತು ಕೊರೆದು ಅದರಲ್ಲಿ ಕೂರಿಸುವುದು. ಇನ್ನೊಂದು ತೋಳು, ಕಪಾಟಿನ ಒಳಗೋಡೆಗೆ ಪ್ಲೇಟ್ ಹಾಕಿ ಸ್ಕ್ರೂ ಮಾಡುವುದು. ಆ ತೋಳು ನೇರವಾಗಿದೆಯೋ, ಸ್ವಲ್ಪ ಬಾಗಿದೆಯೋ, ಜಾಸ್ತಿ ಬಾಗಿದೆಯೋ ಅನ್ನುವುದೇ ಕ್ರ್ಯಾಂಕ್. ಬಾಗಿಲು ಕಪಾಟಿನ ಅಂಚನ್ನು ಪೂರ್ತಿ ಮುಚ್ಚಿ ಮೇಲೆ ಕೂರುವುದಾದರೆ ನೇರ ತೋಳು, ಅದು ಝೀರೋ. ಮಧ್ಯದ ಒಂದೇ ಹಲಗೆಗೆ ಆ ಕಡೆ ಒಂದು, ಈ ಕಡೆ ಒಂದು ಬಾಗಿಲು ಬರುವುದಾದರೆ ಇಬ್ಬರೂ ಅಂಚನ್ನು ಅರ್ಧರ್ಧ ಹಂಚಿಕೊಳ್ಳಬೇಕು, ಅದಕ್ಕೆ 8 ಅಥವಾ 9. ಬಾಗಿಲು ಚೌಕಟ್ಟಿನ ಒಳಗೆ ಕೂರುವುದಾದರೆ 15ರಿಂದ 17, ಅಂಗಡಿಯಲ್ಲಿ ಸಾಮಾನ್ಯವಾಗಿ ಹದಿನಾರು ಅನ್ನುತ್ತಾರೆ.

ವಿಡಿಯೋಗಳಲ್ಲಿ ತೋರಿಸುವುದು ಪ್ಲೈವುಡ್ ಪೆಟ್ಟಿಗೆಯ ಮಾಡ್ಯುಲರ್ ಅಡುಗೆಮನೆ. ನಮ್ಮ ಕಡೆ ಮನೆಗಳಲ್ಲಿ ಇರುವುದು ಕಡಪ ಕಲ್ಲಿನ ಹಲಗೆ, ಅದರ ಮುಂದೆ ಮರದ ಚೌಕಟ್ಟು, ಚೌಕಟ್ಟಿನ ಒಳಗೆ ಕೂರುವ ಬಾಗಿಲು. ನಮ್ಮನೆಯದೂ ಅದೇ, ಹಲಸಿನ ಮರದ ಚೌಕಟ್ಟು, ಮೇಲೂ ಕೆಳಗೂ. ಅಂದರೆ ಅಡುಗೆಮನೆಯ 28 ಹಿಂಜಸ್ಸೂ ಹದಿನಾರು ಕ್ರ್ಯಾಂಕ್ ಆಗಬೇಕಿತ್ತು. ಬಟ್ಟೆ ಬೀರುವಿನಲ್ಲಿ ನಡುವಿನ ಹಲಗೆಗೆ ಬರುವ ಎರಡು ಬಾಗಿಲಿಗೆ 8 ಬೇಕಿತ್ತು. ನಾನು ಕಳಿಸಿದ ನಲವತ್ತರಲ್ಲಿ ಸರಿಯಾಗಿ ಹೊಂದಿದ್ದು ಬೀರುವಿನ ಆಚೆ ಈಚೆ ಅಂಚಿನ ಎರಡು ಬಾಗಿಲಿನ ಆರು!

ಆಚಾರ್ರು ನಾನು ಹೇಳಿದ ಹಾಗೆ "ಅಡ್ಜಸ್ಟ್" ಮಾಡಿದರು. ಚೌಕಟ್ಟಿನ ಒಳಗೆ ಮರದ ತುಂಡು ಪ್ಯಾಕಿಂಗ್ ಕೊಟ್ಟು ಅದರ ಮೇಲೆ ಪ್ಲೇಟ್ ಕೂರಿಸಿದರು. ಭಾರ ಬಿದ್ದ ಹಾಗೆ ಆ ತುಂಡುಗಳು ಅಲುಗಾಡಲು ಶುರುವಾದವು. ಅದು ಮೊದಲನೇ ತಪ್ಪು.

ಎರಡನೇದು, ಬಾಗಿಲಿನ ಹಲಗೆ. ಹಿಂಜಸ್‌ಗೆ ಹೆಚ್ಚು ಖರ್ಚಾಯಿತು ಅಂತ ಬಾಗಿಲಿಗೆ ಪಾರ್ಟಿಕಲ್ ಬೋರ್ಡ್ ಹಾಕಿಸಿದೆ. ಮರದ ಪುಡಿಯನ್ನು ಅಂಟಿನಲ್ಲಿ ಕಲಸಿ ಒತ್ತಿದ ಹಲಗೆ ಅದು. ನೋಡಲು ಚೆನ್ನ, ಒಣಗಿದ ಜಾಗದಲ್ಲಿ ಪರವಾಗಿಲ್ಲ. ಒಲೆ ಮೇಲುಗಡೆ ಬೆಳಿಗ್ಗೆ ಇಡ್ಲಿ ಹಬೆ, ಮಧ್ಯಾಹ್ನ ಕುಕ್ಕರ್ ಹಬೆ, ಜೊತೆಗೆ ನಮ್ಮ ಕಡೆಯ ಮಳೆಗಾಲದ ಥಂಡಿ. 35 ಎಂಎಂ ತೂತು ಕೊರೆದ ಕಡೆ ಸನ್ಮೈಕಾ ಹೊದಿಕೆ ಇರುವುದಿಲ್ಲ, ಅಲ್ಲಿಂದಲೇ ತೇವ ಒಳಗೆ ಹೋಗಿ ಹಲಗೆ ಉಬ್ಬುತ್ತದೆ. ಉಬ್ಬಿದ ಪುಡಿಯಲ್ಲಿ ಸ್ಕ್ರೂ ಎಷ್ಟು ದಿನ ನಿಂತೀತು?

ಇಲ್ಲಿ ಒಂದು ಸಣ್ಣ ಲೆಕ್ಕ ಇದೆ. ಒಂದು ಪಕ್ಕಕ್ಕೆ ತೂಗುಹಾಕಿದ ಬಾಗಿಲು ತನ್ನ ಭಾರದಿಂದ ಮುಂದಕ್ಕೆ ಬಾಗಲು ನೋಡುತ್ತದೆ. ಆಗ ಕೆಳಗಿನ ಹಿಂಜ್ ಒತ್ತಿಸಿಕೊಳ್ಳುತ್ತದೆ, ಮೇಲಿನ ಹಿಂಜ್ ಎಳೆಸಿಕೊಳ್ಳುತ್ತದೆ. ಆದ್ದರಿಂದ ಯಾವತ್ತೂ ಮೊದಲು ಕಿತ್ತು ಬರುವುದು ಮೇಲಿನದು. ಬಾಗಿಲು ಅಗಲವಾದಷ್ಟೂ ಎಳೆತ ಜಾಸ್ತಿ. ಹಾಗಾಗಿ ಅಗಲ 2 ಅಡಿ ದಾಟದಂತೆ ನೋಡಿಕೊಳ್ಳುವುದು ಒಳ್ಳೆಯದು.

ಇದನ್ನು ಯೋಚಿಸುವಾಗ ನನಗೆ ನೆನಪಾಗಿದ್ದು ಅಜ್ಜಿ ಮನೆಯ ತಿರುಗಣಿ ಬಾಗಿಲು. ಅದಕ್ಕೆ ಹಿಂಜಸ್ಸೂ ಇಲ್ಲ, ಸ್ಕ್ರೂನೂ ಇಲ್ಲ. ಬಾಗಿಲಿನ ಒಂದು ಅಂಚಿನಲ್ಲಿ ಮೇಲೂ ಕೆಳಗೂ ಗುಂಡಗಿನ ಮೊಳಕೆ, ಕೆಳಗಿನದು ಕಲ್ಲಿನ ಕುಳಿಯಲ್ಲಿ ಕೂತು ತಿರುಗುತ್ತದೆ. ಹಳೇ ಕಲ್ಲಿನ ದೇವಸ್ಥಾನಗಳಲ್ಲಿ ಹೊಸ್ತಿಲ ಪಕ್ಕ ಒಂದು ಗುಂಡು ಕುಳಿ ಇರುತ್ತದಲ್ಲ, ಅದೂ ಇದಕ್ಕೇ. ಭಾರವೆಲ್ಲ ನೇರ ನೆಲಕ್ಕೆ. ತೂಗುವುದು ಅನ್ನುವ ಮಾತೇ ಇಲ್ಲ. ಹಾಗಂತ ಮಸಾಲೆ ಡಬ್ಬಿಯ ಕಪಾಟಿಗೆ ಕಲ್ಲಿನ ಕುಳಿ ಮಾಡಿಸಿ ಅಂತ ನಾನು ಹೇಳುತ್ತಿಲ್ಲ :-) ಅವರಿಗೆ ಗೊತ್ತಿದ್ದ ಪ್ರಶ್ನೆಯನ್ನು ನಾವು ಕೇಳುವುದು ಮರೆತಿದ್ದೇವೆ: ಈ ಬಾಗಿಲಿನ ಭಾರ ಕೊನೆಗೆ ಯಾರ ತಲೆ ಮೇಲೆ ಬೀಳುತ್ತದೆ? ನಮ್ಮನೆ ಕಪಾಟಿನಲ್ಲಿ ಅದು ಮುಕ್ಕಾಲು ಇಂಚಿನೊಳಗಿನ ಎರಡು ಸ್ಕ್ರೂ ಮೇಲೆ ಬಿದ್ದಿತ್ತು. ಆಮೇಲೆ ಅಮ್ಮನ ಕೈ ಮೇಲೆ.

ಹಲಗೆಗೆ ದುಡ್ಡು ಉಳಿಸಿ ಹಿಂಜಸ್‌ಗೆ ಸುರಿಯುವುದು ದಡ್ಡತನ. ಎಂಥಾ ಆಸ್ಟ್ರಿಯಾ, ಜರ್ಮನಿ ಹಿಂಜಸ್ ಆದರೂ ಅದು ಕಚ್ಚಿಕೊಂಡಿರುವುದು ನಮ್ಮ ಹಲಗೆಯನ್ನೇ. ಸಿಂಕು, ಒಲೆ ಹತ್ತಿರದ ಬಾಗಿಲಿಗೆ ಐಎಸ್ 710 ಗುರುತಿನ ಮರೀನ್ ಪ್ಲೈವುಡ್, ದಪ್ಪ 18 ಎಂಎಂ ಇರಲಿ. ಬಟ್ಟಲಿನ ತೂತು 12 ಎಂಎಂ ಆಸುಪಾಸು ಆಳ ಹೋಗುತ್ತದೆ. 12 ಎಂಎಂ ಪ್ಲೈವುಡ್ ತಂದರೆ ತೂತು ಆಚೆ ಬರುತ್ತದೆ, ಅಷ್ಟೇ.

ಮೂರನೇದು ಸಂಖ್ಯೆ. ಬಾಗಿಲಿನ ಎತ್ತರ 900 ಎಂಎಂ, ಅಂದರೆ ಮೂರು ಅಡಿವರೆಗೆ ಎರಡು ಹಿಂಜಸ್ ಸಾಕು. 1600 ಎಂಎಂವರೆಗೆ ಮೂರು, 2000 ಎಂಎಂವರೆಗೆ ನಾಲ್ಕು, 2400ರವರೆಗೆ ಐದು. ಇದು ಸುಮಾರಿನ ಲೆಕ್ಕ, ಬಾಗಿಲಿಗೆ ಕನ್ನಡಿ ಅಂಟಿಸಿದರೆ ಇನ್ನೊಂದು ಸೇರಿಸಿ. ನಮ್ಮ ಬೀರುವಿನ ಬಾಗಿಲು ಆರೂವರೆ ಅಡಿ. ನಾಲ್ಕು ಬೇಕಿದ್ದ ಕಡೆ ಮೂರು ಹಾಕಿದ್ದೆ. ನನ್ನ ಪಕ್ಕಾ ಲೆಕ್ಕವೂ ತಪ್ಪೇ.

ಈಗ ಸಾಫ್ಟ್ ಕ್ಲೋಸ್ ವಿಷಯ. ಬಾಗಿಲನ್ನು ತಳ್ಳಿದರೆ ಕೊನೆಯಲ್ಲಿ ನಿಧಾನವಾಗಿ, ಸದ್ದಿಲ್ಲದೆ ಮುಚ್ಚಿಕೊಳ್ಳುತ್ತದಲ್ಲ, ಅದು. ಸಾದಾ ಆಟೋ ಹಿಂಜಸ್‌ಗಿಂತ ಇದಕ್ಕೆ ಎರಡು ಮೂರು ಪಟ್ಟು ಬೆಲೆ. ನನ್ನ ಬೆಂಗಳೂರಿನ ಸ್ನೇಹಿತರೆಲ್ಲ "ಎಲ್ಲದಕ್ಕೂ ಸಾಫ್ಟ್ ಕ್ಲೋಸೇ ಹಾಕು, ಒಂದು ಸಲದ ಖರ್ಚು" ಅಂದಿದ್ದರು. ಮಲಗುವ ಕೋಣೆಯ ಬೀರುವಿಗೆ ನಾನೂ ಹೂಂ ಅನ್ನುತ್ತೇನೆ, ರಾತ್ರಿ ಹೊತ್ತು ಧಡಾರ್ ಅನ್ನುವುದಿಲ್ಲ. ಪುಟ್ಟ ಮಕ್ಕಳಿರುವ ಮನೆಗೂ ಸರಿ, ಬೆರಳು ಉಳಿಯುತ್ತದೆ. ಅಡುಗೆಮನೆಯ ಸಣ್ಣ ಹಗುರ ಬಾಗಿಲಿಗೆ ಮಾತ್ರ ಸಂದೇಹ. ಬಾಗಿಲು ತೀರಾ ಹಗುರವಾದರೆ ಅದು ಮುಚ್ಚಲು ಬೇಜಾರಾಗಿ ಅರ್ಧದಲ್ಲೇ ತೂಕಡಿಸುತ್ತದೆ. ಅಮ್ಮ ಹೇಳಿದ್ದು ಇನ್ನೂ ಸರಿ: "ಟಪ್ ಅಂದ್ರೆ ಮುಚ್ತು ಅಂತ ಗೊತ್ತಾಗುತ್ತೆ ಕಣೋ. ಇದು ಮುಚ್ತೋ ಇಲ್ವೋ ಅಂತ ತಿರುಗಿ ನೋಡ್ತಾ ಇರಬೇಕು." ನಲವತ್ತು ಹಿಂಜಸ್ ತರಿಸುವ ಮುಂಚೆ ಈ ಒಂದು ಮಾತು ಕೇಳಲು ನನಗೆ ಫೋನಿನಲ್ಲಿ ಎರಡು ನಿಮಿಷ ಸಾಕಿತ್ತು. ಆಫೀಸಿನಲ್ಲಿ ಬಳಸುವವರನ್ನು ಕೇಳದೆ ಸಾಫ್ಟ್‌ವೇರ್ ಬರೆದವರಿಗೆ ನಾವೆಲ್ಲ ಸೇರಿ ಉಗಿಯುತ್ತೇವೆ. ಮನೆಯಲ್ಲಿ ನಾನು ಮಾಡಿದ್ದು ಅದನ್ನೇ.

ಹಾಗಾದರೆ ಹಳೇ ಕಾಲದ ಬಟ್ ಹಿಂಜಸ್ಸೇ ವಾಸಿಯೇ? ಆಚಾರ್ರ ಪ್ರಕಾರ ಹೌದು. "ಎರಡು ಎಲೆ, ನಡುವೆ ಒಂದು ಕಡ್ಡಿ. ಅದರಲ್ಲಿ ಕೆಡೋದಕ್ಕೆ ಏನಿದೆ?" ಅನ್ನುತ್ತಾರೆ. ನಾನು ಅರ್ಧ ಒಪ್ಪುತ್ತೇನೆ. ಗಟ್ಟಿ ಮರದ ಚೌಕಟ್ಟು, ಗಟ್ಟಿ ಮರದ ಬಾಗಿಲು ಇರುವ ಕಡೆ ಅದಕ್ಕೆ ಸಾಟಿ ಇಲ್ಲ. ಸಿಲಿಂಡರ್ ಇಡುವ ಕಡೆ ಅಂತೂ ಅದೇ ಸರಿ. ತುಂಬಿದ ಸಿಲಿಂಡರ್ ಮೂವತ್ತು ಕೆಜಿ ಹತ್ತಿರ ತೂಗುತ್ತದೆ, ಉರುಳಿಸಿ ಒಳಗೆ ತಳ್ಳುವಾಗ ಬಾಗಿಲು ಪೂರ್ತಿ ಹಿಂದಕ್ಕೆ ಹೋಗಿ ಗೋಡೆಗೆ ಒರಗಬೇಕು. ಸಾಮಾನ್ಯ ಆಟೋ ಹಿಂಜಸ್ 95ರಿಂದ 110 ಡಿಗ್ರಿ ತೆರೆದು ನಿಂತುಬಿಡುತ್ತದೆ, ಸಿಲಿಂಡರ್ ಬಂದು ಬಡಿಯುವುದು ಅದಕ್ಕೇ. (ಆ ಬಾಗಿಲಿನ ಕೆಳಭಾಗದಲ್ಲಿ ಗಾಳಿ ಕಿಂಡಿ ಬಿಡಿಸಿ. ಗ್ಯಾಸ್ ಸೋರಿದರೆ ಕೆಳಗೇ ನಿಲ್ಲುತ್ತದೆ.) ಬೀರುವಿನ ಒಳಗೆ ಡ್ರಾಯರ್ ಮಾಡಿಸುವವರೂ ಈ ಡಿಗ್ರಿ ನೆನಪಿಡಿ. 110ರ ಹಿಂಜಸ್‌ನಲ್ಲಿ ಬಾಗಿಲು ತೆರೆದರೂ ಅದರ ದಪ್ಪ ಸ್ವಲ್ಪ ಅಡ್ಡ ಉಳಿದು ಡ್ರಾಯರ್ ತಗಲುತ್ತದೆ. ಒಂದೋ 155, 165 ಡಿಗ್ರಿಯದು ಹಾಕಿಸಬೇಕು, ಇಲ್ಲಾ ಡ್ರಾಯರ್ ಪಕ್ಕ ಒಂದು ಪಟ್ಟಿ ಕೊಟ್ಟು ಒಳಗೆ ಸರಿಸಬೇಕು. ಇದೂ ಹಲಗೆ ಕತ್ತರಿಸುವ ಮುಂಚೆ ಯೋಚಿಸಬೇಕಾದ್ದು.

ಇನ್ನರ್ಧ ಯಾಕೆ ಒಪ್ಪುವುದಿಲ್ಲ ಅಂದರೆ, ಬಟ್ ಹಿಂಜಸ್ ಹಾಕಿದ ಪ್ಲೈವುಡ್ ಬಾಗಿಲು ಒಮ್ಮೆ ಇಳಿದರೆ ಸರಿಮಾಡಲು ಬಿಚ್ಚಲೇಬೇಕು. ಪ್ಲೈವುಡ್ ಅಂಚಿಗೆ ಹೊಡೆದ ಸ್ಕ್ರೂ ಪದರಗಳ ನಡುವೆ ಹೋಗಿ ಸಡಿಲವಾಗುತ್ತದೆ. ಆಟೋ ಹಿಂಜಸ್ ಸ್ಕ್ರೂ ಹಿಡಿಯುವುದು ಬಾಗಿಲಿನ ಹಿಂಬದಿಯ ಮೈಯನ್ನು, ಆ ಹಿಡಿತ ಗಟ್ಟಿ. ಜೊತೆಗೆ ಅದರಲ್ಲಿ ಮೂರು ಕಡೆ ಹೊಂದಿಸುವ ಅವಕಾಶ ಇದೆ. ತೋಳಿನ ಮುಂದಿನ ಸ್ಕ್ರೂ ತಿರುಗಿಸಿದರೆ ಬಾಗಿಲು ಎಡಕ್ಕೆ ಬಲಕ್ಕೆ, ಹಿಂದಿನದು ಸಡಿಲಿಸಿದರೆ ಒಳಕ್ಕೆ ಹೊರಕ್ಕೆ, ಪ್ಲೇಟಿನ ಸ್ಕ್ರೂ ಸಡಿಲಿಸಿದರೆ ಮೇಲಕ್ಕೆ ಕೆಳಕ್ಕೆ. ಒಂದು ಸ್ಟಾರ್ ಸ್ಕ್ರೂಡ್ರೈವರ್, ಐದು ನಿಮಿಷ. ಬಾಗಿಲು ಉಜ್ಜುತ್ತಿದೆ ಅಂತ ವರ್ಷಗಟ್ಟಲೆ ಒದ್ದು ಮುಚ್ಚುವ ಎಷ್ಟೋ ಮನೆಗಳಿಗೆ ಇದು ಗೊತ್ತೇ ಇಲ್ಲ.

ಬ್ರ್ಯಾಂಡ್ ಯಾವುದು ಅಂತ ಕೇಳುವವರಿಗೆ ಒಂದು ಮಾತು. ಈಗ ದೊಡ್ಡ ಹೆಸರಾಗಿರುವ ಬ್ಲುಮ್ ಕಂಪನಿಯನ್ನು ಜೂಲಿಯಸ್ ಬ್ಲುಮ್ 1952ರಲ್ಲಿ ಆಸ್ಟ್ರಿಯಾದ ಹ್ಯೋಖ್ಸ್ಟ್ ಊರಿನಲ್ಲಿ ಶುರು ಮಾಡಿದಾಗ ತಯಾರಿಸುತ್ತಿದ್ದದ್ದು ಕುದುರೆ ಲಾಳ ಜಾರದಂತೆ ಹಾಕುವ ಗುಬ್ಬಿಗಳು. ಲಾಳದಿಂದ ಹಿಂಜಸ್‌ವರೆಗೆ ಬಂದವರ ಮೇಲೆ ನನಗೆ ಗೌರವ ಇದೆ. ಆದರೆ ಹಳೇಬೀಡಿನಂಥ ಊರಲ್ಲಿ ನಾನು ಮೊದಲು ಕೇಳುವ ಪ್ರಶ್ನೆ, ಒಂದು ಹಿಂಜ್ ಹೋದರೆ ಅದೇ ಅಳತೆಯದು ಬೇಲೂರಿನಲ್ಲೋ ಹಾಸನದಲ್ಲೋ ಸಿಗುತ್ತದೆಯೇ? ಬಟ್ಟಲಿನ ತೂತು ಸಾಮಾನ್ಯವಾಗಿ ಎಲ್ಲರದೂ 35 ಎಂಎಂ. ಅದರ ಅಕ್ಕಪಕ್ಕದ ಎರಡು ಸ್ಕ್ರೂ ತೂತಿನ ಅಂತರ ಮಾತ್ರ ಒಬ್ಬರದು 45 ಎಂಎಂ, ಒಬ್ಬರದು 48, ಒಬ್ಬರದು 52. ಬೇರೆ ಕಂಪನಿಯದು ತಂದರೆ ಹಳೇ ತೂತಿನ ಪಕ್ಕದಲ್ಲೇ ಹೊಸ ತೂತು ಬಿದ್ದು ಎರಡೂ ಸಡಿಲ. ಆದ್ದರಿಂದ ಹತ್ತಿರದ ಪೇಟೆಯಲ್ಲಿ ಸಿಗುವುದನ್ನೇ ಹಾಕಿಸಿ, ನಾಲ್ಕು ಹೆಚ್ಚಿಗೆ ತಂದು ಡಬ್ಬಿಯಲ್ಲಿಡಿ. ಸಿಂಕಿನ ಕೆಳಗೆ ಸ್ಟೀಲಿನದು ಒಳ್ಳೆಯದು, ಸಾದಾ ಕಬ್ಬಿಣಕ್ಕೆ ನಿಕಲ್ ಲೇಪಿಸಿದ್ದು ಅಲ್ಲಿ ಬೇಗ ತುಕ್ಕು ಹಿಡಿಯುತ್ತದೆ. ಅಂಗಡಿಯವರು ಅಯಸ್ಕಾಂತ ಹಿಡಿದು "ಅಂಟಲಿಲ್ಲ ನೋಡಿ, 304 ಸ್ಟೀಲು" ಅಂದರೆ ಪೂರ್ತಿ ನಂಬಬೇಡಿ. ಅಗ್ಗದ 200 ಸರಣಿಯ ಸ್ಟೀಲೂ ಸಾಮಾನ್ಯವಾಗಿ ಅಂಟುವುದಿಲ್ಲ.

ಮಾರನೇ ದಿನ ಆಚಾರ್ರನ್ನು ಕರೆದುಕೊಂಡು ಹಾಸನಕ್ಕೆ ಹೋದೆ. ಈ ಸಲ ಅಳತೆ ಅವರದು, ಚೀಲ ಹೊರುವುದು ನನ್ನದು. ಮೇಲಿನ ಆರು ಬಾಗಿಲಿಗೆ 18 ಎಂಎಂ ಮರೀನ್ ಪ್ಲೈವುಡ್, ಹದಿನಾರು ಕ್ರ್ಯಾಂಕಿನ ಸಾದಾ ಆಟೋ ಹಿಂಜಸ್, ಸಾಫ್ಟ್ ಕ್ಲೋಸ್ ಇಲ್ಲ. ಪ್ಯಾಕಿಂಗ್ ತುಂಡುಗಳನ್ನು ಕಿತ್ತು, ಹಲಸಿನ ಚೌಕಟ್ಟಿನಲ್ಲಿ ಸಡಿಲಾಗಿದ್ದ ತೂತುಗಳಿಗೆ ಫೆವಿಕಾಲ್ ಹಚ್ಚಿದ ಮರದ ಗೂಟ ಹೊಡೆದು, ಒಂದು ರಾತ್ರಿ ಒಣಗಲು ಬಿಟ್ಟು ಹೊಸದಾಗಿ ಕೊರೆದರು. ಕಪಾಟಿನ ಒಳಗೆ ಕೈಹಾಕಿ ಅಲ್ಲಾಡಿಸಿ ನೋಡಿ, "ಅವತ್ತೇ ಕೇಳಿದ್ರೆ ಈ ಕೆಲಸ ಒಂದೇ ಸಲಕ್ಕೆ ಆಗ್ತಿತ್ತಪ್ಪಾ" ಅಂದರು. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಹೊರಡುವ ದಿನ ಒಂದು ಬಾಗಿಲು ಸ್ವಲ್ಪ ಉಜ್ಜುತ್ತಿತ್ತು. ನಾನು ಸ್ಕ್ರೂಡ್ರೈವರ್ ತಗೊಂಡೆ. "ಕೊಡಿಲ್ಲಿ, ನೀನು ಹೋದ್ಮೇಲೆ ಯಾರು ಮಾಡ್ತಾರೆ" ಅಂತ ಅಮ್ಮ ಕಿತ್ತುಕೊಂಡಳು. ಯಾವ ಸ್ಕ್ರೂ ಯಾವ ಕಡೆಗೆ ಅಂತ ಒಂದು ಸಲ ತೋರಿಸಿದೆ. ಎರಡು ಸುತ್ತು ತಿರುಗಿಸಿ, ಬಾಗಿಲು ತಳ್ಳಿ, ಟಪ್ ಅನ್ನಿಸಿ ನೋಡಿದಳು.

ನಿಮ್ಮನೆಯಲ್ಲೂ ಕಪಾಟಿನ ಸಾಮಾನು ಹೊರಗೆ ಸಾಲಾಗಿ ಕೂತಿದ್ದರೆ ಒಂದು ಸಲ ಯಾಕೆ ಅಂತ ಕೇಳಿ. "ಕೈಗೆ ಸಿಗುತ್ತೆ ಬಿಡು" ಅಂದರೆ ಅಷ್ಟಕ್ಕೇ ಬಿಡಬೇಡಿ, ಬಾಗಿಲು ತೆಗೆದು ಮೇಲಿನ ಹಿಂಜ್ ನೋಡಿ.

ನಿನ್ನೆ ಫೋನ್ ಮಾಡಿದಾಗ ಕೇಳಿದೆ. ಸಕ್ಕರೆ ಡಬ್ಬಿ, ಹುಣಸೆಹಣ್ಣು ಒಳಗೆ ಹೋಗಿವೆಯಂತೆ. ಕಾಫಿಪುಡಿ ಇನ್ನೂ ಕಿಟಕಿ ಮೇಲೇ ಇದೆಯಂತೆ. "ಒಂದು ಮಳೆಗಾಲ ಕಳೀಲಿ, ಆಮೇಲೆ ನೋಡೋಣ" ಅಂದಳು.